ಓದುಗರ ಸ್ಪಂದನ: ಆನ್‌ಲೈನ್ ಪದವಿಯನ್ನು ನಂಬುವುದು ಹೇಗೆ?

ಕಳೆದ ಸಂಚಿಕೆಯಲ್ಲಿ ಮಂಡ್ಯದ ಓದುಗಿಯೊಬ್ಬರು ತಮ್ಮ ಗೊಂದಲ ಬರೆದುಕೊಂಡಿದ್ದರು. ಬಿ.ಕಾಂ. ಓದಿರುವ ಅವರು ಮೈಸೂರಿನ ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿದ್ದಾರೆ. ದಿನಾ ರೈಲಿನಲ್ಲಿ ಓಡಾಟ, ಮನೆಯಲ್ಲಿ ಚಿಕ್ಕ ಮಗು. ಬಡ್ತಿಗೆ ಎಂಬಿಎ ಬೇಕು, ಕಾಲೇಜಿಗೆ ಹೋಗಲು ಬಿಡುವಿಲ್ಲ. ದೂರದ ರಾಜ್ಯದ ವಿಶ್ವವಿದ್ಯಾಲಯವೊಂದರ ಆನ್‌ಲೈನ್ ಎಂಬಿಎಗೆ ಸೇರಿಕೊಳ್ಳಿ ಎಂದು ಕೌನ್ಸೆಲರ್ ಒಬ್ಬರು ಬಿಡದೆ ಫೋನ್ ಮಾಡುತ್ತಿದ್ದಾರೆ. ‘ಯುಜಿಸಿ ಅಪ್ರೂವ್ಡ್, ನ್ಯಾಕ್ ಎ ಪ್ಲಸ್, ಐಎಸ್‌ಒ ಸರ್ಟಿಫೈಡ್’ ಎನ್ನುತ್ತಾರೆ. (ಯುಜಿಸಿ ಎಂದರೆ ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ಮಾಡುವ ಕೇಂದ್ರದ ಆಯೋಗ, ನ್ಯಾಕ್ ಎಂದರೆ ಅವುಗಳ ಗುಣಮಟ್ಟಕ್ಕೆ ಶ್ರೇಣಿ ಕೊಡುವ ಸಂಸ್ಥೆ.) ಮನೆಯವರು ಮಾತ್ರ ‘ಆನ್‌ಲೈನ್ ಡಿಗ್ರಿ ಅಂದ್ರೆ ದುಡ್ಡು ಕೊಟ್ಟು ತಗೊಂಡಿದ್ದು’ ಅನ್ನುತ್ತಾರೆ. ಯಾರ ಮಾತು ನಂಬಲಿ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ನೀವೇ ಪಟ್ಟಿ ತೆರೆದು ನೋಡಿ

ತಂಗಿ, ಸರ್ಕಾರಿ ನೌಕರಿಗೆ ಆಯ್ಕೆಯಾದವರ ಅಂಕಪಟ್ಟಿ, ಪದವಿ ಪತ್ರ ಪರಿಶೀಲಿಸುವ ಕೆಲಸವನ್ನು ವರ್ಷಗಟ್ಟಲೆ ಮಾಡಿದವನು ನಾನು. ಆ ಅನುಭವದಿಂದ ಹೇಳುತ್ತಿದ್ದೇನೆ. ಫೋನಿನಲ್ಲಿ ಆ ಕೌನ್ಸೆಲರ್ ಹೇಳಿದ್ದು ಸುಳ್ಳೇ ಆಗಿರಬೇಕೆಂದಿಲ್ಲ. ಆದರೆ ‘ಯುಜಿಸಿ ಅಪ್ರೂವ್ಡ್’ ಅಂದಾಗ, ಯಾವುದಕ್ಕೆ ಅಂತ ಕೇಳಬೇಕು. ವಿಶ್ವವಿದ್ಯಾಲಯಕ್ಕೋ, ಆ ಕೋರ್ಸಿಗೋ, ಆ ಕೋರ್ಸನ್ನು ಆನ್‌ಲೈನ್‌ನಲ್ಲಿ ನಡೆಸುವುದಕ್ಕೋ, ಈ ವರ್ಷದ ಪ್ರವೇಶಕ್ಕೋ? ನಾಲ್ಕಕ್ಕೂ ಹೌದು ಅಂತ ಬಂದರೆ ಮಾತ್ರ ನಿಮ್ಮ ಪದವಿ ಪದವಿ.

1956ರ ಯುಜಿಸಿ ಕಾಯ್ದೆಯ 22ನೇ ಕಲಂ ಪ್ರಕಾರ, ಕೇಂದ್ರದ ಅಥವಾ ರಾಜ್ಯದ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ, ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ, ಇಷ್ಟಕ್ಕೆ ಮಾತ್ರ ಪದವಿ ಕೊಡುವ ಹಕ್ಕು. ಉಳಿದವರು ಕೊಟ್ಟಿದ್ದು ಬರೀ ಕಾಗದ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿ ಆಗಾಗ ಪ್ರಕಟಿಸುತ್ತದೆ. ಅದರಲ್ಲಿ ನಮ್ಮ ರಾಜ್ಯದ ಗೋಕಾಕದ ವಿಳಾಸದ ಸಂಸ್ಥೆಯೊಂದು ಬಹಳ ವರ್ಷ ಇತ್ತು. ಆದರೆ ನಿಮ್ಮಂಥವರು ಎಡವುವುದು ಇಲ್ಲಲ್ಲ. ವಿಶ್ವವಿದ್ಯಾಲಯ ಅಸಲಿಯೇ ಆಗಿದ್ದು, ಆ ಕೋರ್ಸಿಗೆ ಆ ವರ್ಷ ಅನುಮತಿ ಇಲ್ಲದಿರುತ್ತದಲ್ಲ, ಅಲ್ಲಿ.

ಇದನ್ನು ಮೈಸೂರಿನವರಿಗೆ ವಿವರಿಸಬೇಕಿಲ್ಲ. ನಮ್ಮ ಮುಕ್ತಗಂಗೋತ್ರಿ ಆವರಣದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಲ್ಲಿ ಕಾಯ್ದೆಯ ಮೂಲಕವೇ ಸ್ಥಾಪನೆಯಾದದ್ದು. ಅದಕ್ಕೂ ಮೊದಲು ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣವಾಗಿ ಸಾವಿರಾರು ಮನೆಗಳಿಗೆ ಪದವಿ ಮುಟ್ಟಿಸಿತ್ತು. ಅಂಥ ಸಂಸ್ಥೆಗೂ 2012-13ರ ನಂತರ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ರಾಜ್ಯದ ಗಡಿಯಾಚೆ ಖಾಸಗಿ ಸಂಸ್ಥೆಗಳ ಜೊತೆ ಸೇರಿ ಕೋರ್ಸ್ ನಡೆಸಿದ್ದು ಅದಕ್ಕೆ ಮುಖ್ಯ ಕಾರಣ. 2018ರಲ್ಲಿ ಮಾನ್ಯತೆ ಮರಳಿ ಬಂತು. ಈಗ ಅಲ್ಲಿ ಓದುತ್ತಿರುವವರು ಗಾಬರಿ ಬೀಳಬೇಡಿ. ಮಾನ್ಯತೆ ವರ್ಷಕ್ಕೆ, ಕೋರ್ಸಿಗೆ ಅಂಟಿಕೊಂಡಿರುತ್ತದೆ, ಹೆಸರಿಗಲ್ಲ ಅಂತ ತೋರಿಸಲು ಇದನ್ನು ಬರೆದೆ.

ಹಾಗಾಗಿ ಯುಜಿಸಿಯ ದೂರಶಿಕ್ಷಣ ಬ್ಯೂರೋ, ಅಂದರೆ ಡಿಇಬಿ, ಅದರ ಜಾಲತಾಣಕ್ಕೆ ನೀವೇ ಹೋಗಿ. ಕೌನ್ಸೆಲರ್ ವಾಟ್ಸ್ಯಾಪ್‌ನಲ್ಲಿ ಕಳಿಸಿದ ಲಿಂಕು, ಪಿಡಿಎಫ್ ಬೇಡ. ಯಾವ ಸೆಷನ್‌ಗೆ ಯಾವ ಸಂಸ್ಥೆ ಯಾವ ಕೋರ್ಸ್ ನಡೆಸಬಹುದು ಎಂದು ಅಲ್ಲಿ ಪಟ್ಟಿ ಇರುತ್ತದೆ. ವರ್ಷಕ್ಕೆ ಎರಡು ಪ್ರವೇಶ, ಜುಲೈ-ಆಗಸ್ಟ್ ಒಂದು, ಜನವರಿ-ಫೆಬ್ರುವರಿ ಇನ್ನೊಂದು. ದೂರಶಿಕ್ಷಣಕ್ಕೂ ಆನ್‌ಲೈನ್‌ಗೂ ಅನುಮತಿ ಬೇರೆ ಬೇರೆ. ಒಂದರಲ್ಲಿ ಹೆಸರಿದೆ ಅಂತ ಇನ್ನೊಂದರಲ್ಲಿ ಇರಬೇಕಿಲ್ಲ. ಇದು ಯಾಕೆ ಮುಖ್ಯ ಅಂದರೆ, ರಾಜ್ಯ ವಿಶ್ವವಿದ್ಯಾಲಯಗಳ ದೂರಶಿಕ್ಷಣಕ್ಕೆ ವ್ಯಾಪ್ತಿಯ ಗಡಿ ಇದೆ, ಆನ್‌ಲೈನ್‌ಗೆ ಇಲ್ಲ. ದೂರದ ರಾಜ್ಯದ ವಿಶ್ವವಿದ್ಯಾಲಯ ಅಂದಿದ್ದೀರಿ. ಅದು ಕೊಡುವುದು ನಿಜಕ್ಕೂ ಆನ್‌ಲೈನ್ ಎಂಬಿಎಯೇ, ಅಥವಾ ದೂರಶಿಕ್ಷಣಕ್ಕೆ ಆನ್‌ಲೈನ್ ಅಂತ ಹೆಸರಿಟ್ಟಿದ್ದಾರೋ ಅಂತ ಖಾತ್ರಿ ಮಾಡಿಕೊಳ್ಳಿ.

ಪದವಿ ಪತ್ರ, ಅಂಕಪಟ್ಟಿಯನ್ನು ಪರಿಶೀಲನೆಗೆ ಕೂತವರು ತಿರುಗಿಸಿ ನೋಡುತ್ತಾರೆ. ಯಾವ ವಿಧಾನದಲ್ಲಿ ಓದಿದ್ದು, ಪ್ರವೇಶ ಪಡೆದ ದಿನಾಂಕ, ಮುಗಿಸಿದ ದಿನಾಂಕ, ಪರೀಕ್ಷಾ ಕೇಂದ್ರದ ವಿಳಾಸ, ಇವೆಲ್ಲ ಹಿಂಬದಿಯಲ್ಲಿ ಇರಬೇಕು ಅನ್ನುವುದು 2020ರ ಯುಜಿಸಿ ನಿಯಮ. ಆ ಪ್ರವೇಶದ ದಿನಾಂಕವನ್ನು ಪಟ್ಟಿಯ ಜೊತೆ ತಾಳೆ ಹಾಕುತ್ತಾರೆ. ತಾಳೆಯಾಗದಿದ್ದರೆ ಮುಂಬದಿಯ ಮುದ್ರೆ ಎಷ್ಟು ಹೊಳೆದರೂ ಪ್ರಯೋಜನವಿಲ್ಲ. ಮೇಜಿನ ಆಚೆ ನಿಂತ ಹುಡುಗರ ಮುಖ ನೋಡಲಾಗುತ್ತಿರಲಿಲ್ಲ.

ಇನ್ನೊಂದು ಮಾತು. 2024-25ನೇ ಸಾಲಿನಿಂದ ಆನ್‌ಲೈನ್, ದೂರಶಿಕ್ಷಣ ಸೇರುವ ವಿದ್ಯಾರ್ಥಿ ಮೊದಲು ಎಬಿಸಿ ಐಡಿ (ವಿದ್ಯಾರ್ಥಿಯ ಕ್ರೆಡಿಟ್‌ಗಳ ಲೆಕ್ಕ ಇಡುವ ಸರ್ಕಾರಿ ಖಾತೆಯ ಸಂಖ್ಯೆ) ಮಾಡಿಸಿಕೊಂಡು, ಅದರ ಮೇಲೆ ಡಿಇಬಿ ಐಡಿ ಪಡೆಯಬೇಕು. ‘ಅದೆಲ್ಲ ನಾವೇ ಮಾಡ್ಕೊಡ್ತೀವಿ ಮೇಡಂ, ಒಟಿಪಿ ಹೇಳಿ’ ಅಂದರೆ ಒಪ್ಪಬೇಡಿ. ಕೂತು ನೀವೇ ಮಾಡಿ.

— ನಿವೃತ್ತ ಅಧೀಕ್ಷಕ, ಸರಸ್ವತಿಪುರಂ, ಮೈಸೂರು

ಮಾನ್ಯತೆ ಬೇರೆ, ಹೆಸರು ಬೇರೆ

ನಾನು ಹೆಬ್ಬಾಳು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಎಚ್‌ಆರ್. ಮಾನ್ಯತೆ ಪಡೆದ ಸಂಸ್ಥೆಗಳ ಆನ್‌ಲೈನ್ ಪದವಿಯೂ ಕಾಲೇಜಿಗೆ ಹೋಗಿ ಪಡೆದ ಪದವಿಯೂ ಸಮಾನ ಎಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಮನೆಯವರಿಗೆ ಅದನ್ನು ತೋರಿಸಿ. ಹಾಗಂತ ಎಲ್ಲ ಎಂಬಿಎಗೂ ಒಂದೇ ತೂಕ ಅಂತ ನಾನು ಹೇಳಿದರೆ ನಿಮಗೆ ಮೋಸ ಮಾಡಿದಂತೆ.

ನ್ಯಾಕ್ ಶ್ರೇಣಿ ಕೊಡುವುದು ಇಡೀ ಸಂಸ್ಥೆಗೆ. ನೀವು ಸೇರುವ ಆನ್‌ಲೈನ್ ಎಂಬಿಎಯ ಪಾಠ ಹೇಗಿದೆ ಅಂತ ಅದರಿಂದ ತಿಳಿಯದು. ಶ್ರೇಣಿಗೆ ಅವಧಿಯೂ ಇದೆ, ಸಾಮಾನ್ಯವಾಗಿ 5 ವರ್ಷ. ಮುಗಿದಿದೆಯೇ ಅಂತ ನ್ಯಾಕ್ ಜಾಲತಾಣದಲ್ಲೇ ನೋಡಿ. ಐಎಸ್‌ಒ ಪ್ರಮಾಣಪತ್ರಕ್ಕೂ ಪದವಿಯ ಮಾನ್ಯತೆಗೂ ಸಂಬಂಧವೇ ಇಲ್ಲ. ಅದು ಆಡಳಿತ ವ್ಯವಸ್ಥೆಗೆ ಕೊಡುವಂಥದ್ದು, ಬಿಸ್ಕತ್ತು ಕಾರ್ಖಾನೆಗೂ ಸಿಗುತ್ತದೆ. ಅದನ್ನು ಮಾನ್ಯತೆಗಳ ಸಾಲಿನಲ್ಲಿ ಸೇರಿಸಿ ಹೇಳುವವರ ಉಳಿದ ಮಾತನ್ನೂ ನಾನು ಎರಡು ಸಲ ಪರೀಕ್ಷಿಸುತ್ತೇನೆ.

ಹೆಸರು ಅಳೆಯಲು ನನ್ನ ದಾರಿ ಇದು. ಆನ್‌ಲೈನ್ ಕೋರ್ಸ್ ನಡೆಸುವ ಸಂಸ್ಥೆ ಕೋರ್ಸಿನ ವರದಿ, ಬೋಧಕರ ವಿವರ, ಅನುಮತಿ ಪತ್ರ ಎಲ್ಲವನ್ನೂ ತನ್ನ ಜಾಲತಾಣದಲ್ಲಿ ಹಾಕಲೇಬೇಕು. ಅದನ್ನು ತೆರೆಯಿರಿ. ಫೈನಾನ್ಸ್ ಕಲಿಸುವವರು ಯಾರು? ಅವರು ಪೂರ್ಣಾವಧಿ ಅಧ್ಯಾಪಕರೇ? ಕೇಸ್ ಸ್ಟಡಿ, ಪ್ರಾಜೆಕ್ಟ್‌ಗಳ ಮೌಲ್ಯಮಾಪನ ಯಾರು ಮಾಡುತ್ತಾರೆ? ಆಮೇಲೆ ಲಿಂಕ್ಡ್‌ಇನ್‌ನಲ್ಲಿ ಅಲ್ಲೇ ಓದಿದವರನ್ನು ಹುಡುಕಿ, ‘ಕಡೆಯ ಸೆಮಿಸ್ಟರ್‌ನಲ್ಲಿ ಏನೇನು ಬರೆದಿರಿ?’ ಅಂತ ಕೇಳಿ. ಚೆನ್ನಾಗಿದೆಯಾ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ, ಅವರದೂ ದುಡ್ಡು ಹೋಗಿರುತ್ತದಲ್ಲ. ಏನು ಬರೆದಿರಿ ಅಂತ ಕೇಳಿದಾಗ ನಿಜ ಹೊರಬರುತ್ತದೆ.

ಕಡೆಯದಾಗಿ, ನಿಮ್ಮ ಕಂಪನಿಯ ಎಚ್‌ಆರ್ ಬಳಿಯೇ ಬರಹದಲ್ಲಿ ಕೇಳಿ, ಈ ಪದವಿಯನ್ನು ಬಡ್ತಿಗೆ ಪರಿಗಣಿಸುತ್ತೀರಾ ಅಂತ. ನನ್ನನ್ನು ಕೇಳಿದರೆ, ಅಕೌಂಟ್ಸ್‌ನಲ್ಲಿ ಇರುವವರಿಗೆ ಹೆಸರಿಲ್ಲದ ಎಂಬಿಎಗಿಂತ ಸಿಎಂಎ (ಕಾಸ್ಟ್ ಅಕೌಂಟಿಂಗ್‌ನ ವೃತ್ತಿಪರ ಕೋರ್ಸ್) ಇಂಟರ್ ಮುಗಿಸುವುದು ಮೇಲು. ಕಷ್ಟ ಜಾಸ್ತಿ, ಖರ್ಚು ಕಡಿಮೆ, ಕಾರ್ಖಾನೆಗಳಲ್ಲಿ ಬೆಲೆಯೂ ಜಾಸ್ತಿ.

— ಓದುಗ, ವಿಜಯನಗರ, ಮೈಸೂರು

ಇಎಂಐ ಅನ್ನುವುದು ಸಾಲ

ನನ್ನ ತಮ್ಮನ ವಿಷಯ ಹೇಳುತ್ತೇನೆ. ‘ನೋ ಕಾಸ್ಟ್ ಇಎಂಐ, ತಿಂಗಳಿಗೆ ಇಷ್ಟೇ’ ಅಂತ ಹೇಳಿ ಮೊಬೈಲ್‌ನಲ್ಲೇ ಸಹಿ ಹಾಕಿಸಿಕೊಂಡರು. ಅವನು ಅದು ಕಾಲೇಜಿನ ಫೀಸಿನ ಕಂತು ಅಂದುಕೊಂಡಿದ್ದ. ಫೈನಾನ್ಸ್ ಕಂಪನಿಯೊಂದು ಅವನ ಹೆಸರಿನಲ್ಲಿ ಸಾಲ ಬರೆದು, ಪೂರ್ತಿ ಹಣವನ್ನು ಮಧ್ಯವರ್ತಿಗೆ ಕೊಟ್ಟುಬಿಟ್ಟಿತ್ತು. ಪಾಠ ಸರಿಯಿಲ್ಲ ಅಂತ ಅವನು ಬಿಟ್ಟ. ಕಂತು ಬಿಡಲಿಲ್ಲ. ಈಗಲೂ ಅಪ್ಪ ಕಬ್ಬಿನ ಬಿಲ್ಲು ಬಂದಾಗ ಅದಕ್ಕೆ ಎತ್ತಿಡುತ್ತಾರೆ, ಸಿಬಿಲ್ ಸ್ಕೋರ್ ಕೆಡಬಾರದು ಅಂತ.

ಆದ್ದರಿಂದ ಅಕ್ಕ, ದುಡ್ಡು ಕಟ್ಟುವುದಾದರೆ ವಿಶ್ವವಿದ್ಯಾಲಯದ ಹೆಸರಿನ ಖಾತೆಗೇ ಕಟ್ಟಿ, ರಸೀದಿಯೂ ಅದರ ಹೆಸರಿನಲ್ಲೇ ಇರಲಿ. ಫ್ರ್ಯಾಂಚೈಸಿ ಮೂಲಕ ಕೋರ್ಸ್ ನಡೆಸುವುದಕ್ಕೆ ಯುಜಿಸಿ ಅವಕಾಶವನ್ನೇ ಕೊಟ್ಟಿಲ್ಲ. ನಮ್ಮ ನೂರಡಿ ರಸ್ತೆಯಲ್ಲಿ ‘ಇಲ್ಲೇ ಅಡ್ಮಿಷನ್, ಇಲ್ಲೇ ಪರೀಕ್ಷೆ, ಪಾಸು ಗ್ಯಾರಂಟಿ’ ಅನ್ನುವವರು ಯಾರಾದರೂ ಸಿಕ್ಕರೆ ಒಳಗೆ ಕಾಲಿಡಬೇಡಿ. ‘ಇವತ್ತು ರಾತ್ರಿ 12ಕ್ಕೆ ಆಫರ್ ಮುಗಿಯುತ್ತೆ’ ಅಂತ ಫೋನ್ ಬಂದರೆ ಮುಗಿಯಲಿ ಬಿಡಿ.

— ಓದುಗ, ಮಂಡ್ಯ

ಇವು ಆನ್‌ಲೈನ್‌ನಲ್ಲಿ ಇಲ್ಲವೇ ಇಲ್ಲ

ಎಂಬಿಎ ಬಿಟ್ಟು ಬೇರೆ ಕೋರ್ಸಿನ ಯೋಚನೆಯಲ್ಲಿರುವ ಓದುಗರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಕಾನೂನು, ಕೃಷಿ, ಹೋಟೆಲ್ ಮ್ಯಾನೇಜ್‌ಮೆಂಟ್, ಇವುಗಳ ಪದವಿಯನ್ನು ಆನ್‌ಲೈನ್‌ನಲ್ಲಾಗಲಿ ದೂರಶಿಕ್ಷಣದಲ್ಲಾಗಲಿ ಕೊಡುವಂತಿಲ್ಲ. ಪಿಎಚ್.ಡಿ.ಯೂ ಅಷ್ಟೇ. ಬಿ.ಇಡಿ.ಗೆ ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇ ಮಾನ್ಯತೆ ಬೇಕು, ಶಾಲೆಯಲ್ಲಿ ಮಕ್ಕಳ ಎದುರು ನಿಂತು ಪಾಠ ಮಾಡಿದ ಇಂಟರ್ನ್‌ಷಿಪ್ ಬೇಕು. ‘ಮನೆಯಲ್ಲೇ ಕೂತು ಬಿ.ಇಡಿ.’ ಎಂಬ ಜಾಹೀರಾತು ನಂಬಿ ನಮ್ಮ ಊರಿನ ಹೆಣ್ಣುಮಕ್ಕಳು ಒಡವೆ ಅಡ ಇಡುವುದನ್ನು ನೋಡಿ ಸಂಕಟವಾಗುತ್ತದೆ.

— ಶಿಕ್ಷಕಿ, ಪಾಂಡವಪುರ

ವಿದೇಶದ ಹೆಸರು ಕಂಡರೆ ಇನ್ನೂ ಎಚ್ಚರ

ಕೌನ್ಸೆಲರ್‌ಗಳು ಒಂದು ಕಡೆ ಆಗದಿದ್ದರೆ ‘ಅಮೆರಿಕದ ಯೂನಿವರ್ಸಿಟಿ, ಇಂಟರ್‌ನ್ಯಾಷನಲ್ ಅಕ್ರೆಡಿಟೇಷನ್’ ಅಂತ ಶುರು ಮಾಡುತ್ತಾರೆ. ನನ್ನ ಮಗಳು ಅಲ್ಲೇ ಓದುತ್ತಿರುವುದರಿಂದ ಇದನ್ನು ಸ್ವಲ್ಪ ತಿಳಿದುಕೊಂಡೆ. ಅಮೆರಿಕದಲ್ಲಿ ಕಾಲೇಜುಗಳಿಗೆ ಮಾನ್ಯತೆ ಕೊಡುವುದು ಸರ್ಕಾರವಲ್ಲ, ಖಾಸಗಿ ಮಾನ್ಯತಾ ಸಂಸ್ಥೆಗಳು. ಆ ಸಂಸ್ಥೆಗಳನ್ನು ಅಲ್ಲಿನ ಶಿಕ್ಷಣ ಇಲಾಖೆ ಅಥವಾ ಚಿಯಾ ಎಂಬ ಮಂಡಳಿ ಗುರುತಿಸಿರಬೇಕು. ವಂಚಕರು ನುಸುಳುವುದು ಈ ಕಿಂಡಿಯಲ್ಲೇ. ಸುಳ್ಳು ವಿಶ್ವವಿದ್ಯಾಲಯದ ಜೊತೆಗೆ ಅದಕ್ಕೆ ಮಾನ್ಯತೆ ಕೊಡುವ ಸುಳ್ಳು ಮಂಡಳಿಯನ್ನೂ ತಾವೇ ಹುಟ್ಟಿಸುತ್ತಾರೆ. 2015ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆಳೆದ ಕರಾಚಿಯ ಆಕ್ಸ್ಯಾಕ್ಟ್ ಕಂಪನಿಯ ಹಗರಣ ಇಂಥದ್ದೇ. ನೂರಾರು ಜಾಲತಾಣ, ಅಮೆರಿಕದ ಹೆಸರಿನ ವಿಶ್ವವಿದ್ಯಾಲಯಗಳು, ಅವುಗಳನ್ನು ಹೊಗಳುವ ‘ಪ್ರಾಧ್ಯಾಪಕ’ರಾಗಿ ನಟಿಸಿದ ಬಾಡಿಗೆ ನಟರು. ಜಗತ್ತಿನ ಎಲ್ಲೆಡೆಯ ಜನ ದುಡ್ಡು ಕಟ್ಟಿದ್ದರು.

ಮಾನ್ಯತೆ ಇದೆ ಅಂದವರನ್ನು, ಮಾನ್ಯತೆ ಕೊಟ್ಟವರು ಯಾರು, ಅವರನ್ನು ಗುರುತಿಸಿದವರು ಯಾರು ಅಂತ ಎರಡು ಮೆಟ್ಟಿಲು ಹಿಂದಕ್ಕೆ ಕೇಳಬೇಕು. ಅಮೆರಿಕದ ಶಿಕ್ಷಣ ಇಲಾಖೆಯ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ಉತ್ತರ ಅಲ್ಲೇ ಸಿಗುತ್ತದೆ. ಇನ್ನು ಇಲ್ಲಿನ ಖಾಸಗಿ ಕಂಪನಿ ವಿದೇಶಿ ವಿಶ್ವವಿದ್ಯಾಲಯದ ಪದವಿಯನ್ನು ಫ್ರ್ಯಾಂಚೈಸಿಯಾಗಿ ಮಾರಿದರೆ, ಅದಕ್ಕೆ ಮಾನ್ಯತೆ ಇಲ್ಲ ಎಂದು ಯುಜಿಸಿ 2023ರ ಡಿಸೆಂಬರ್‌ನಲ್ಲೇ ಎಚ್ಚರಿಸಿದೆ.

— ಓದುಗಿ, ಕುವೆಂಪುನಗರ, ಮೈಸೂರು

ದುಡ್ಡು ಕೊಟ್ಟು ತಗೊಂಡಿದ್ದಲ್ಲ

ನಿಮ್ಮ ಪತ್ರ ಓದಿ ಹೊಟ್ಟೆ ಉರಿಯಿತು, ನಿಮ್ಮ ಮೇಲಲ್ಲ, ಆ ಮಾತಿನ ಮೇಲೆ. ನಾನೂ ಕೆಲಸ ಮಾಡಿಕೊಂಡು ಆನ್‌ಲೈನ್‌ನಲ್ಲೇ ಎಂ.ಕಾಂ. ಮಾಡಿದವಳು. ಮಗು ಮಲಗಿದ ಮೇಲೆ ಅಡುಗೆಮನೆಯ ದೀಪ ಹಾಕಿಕೊಂಡು ಅಸೈನ್‌ಮೆಂಟ್ ಬರೆದಿದ್ದೇನೆ. ಪರೀಕ್ಷೆ ದಿನ ಕ್ಯಾಮೆರಾ ಮುಂದೆ ಗುರುತಿನ ಚೀಟಿ ಹಿಡಿದು ತೋರಿಸಬೇಕು, ಲ್ಯಾಪ್‌ಟಾಪ್ ಎತ್ತಿ ಮಂಚದ ಕೆಳಗೆ, ಗೋಡೆ, ಬಾಗಿಲು ಎಲ್ಲ ಸುತ್ತ ತೋರಿಸಬೇಕು. ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡಿದ್ದಕ್ಕೆ ಪರದೆಯ ಮೇಲೆ ಎಚ್ಚರಿಕೆ ಬಂದಿತ್ತು. ನಮ್ಮತ್ತೆ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತು ಯಾರನ್ನೂ ಒಳಗೆ ಬಿಡಲಿಲ್ಲ. ಅವರೂ ಮೊದಲು ನಿಮ್ಮ ಮನೆಯವರು ಅಂದಂತೆಯೇ ಅಂದಿದ್ದರು. ನಾನು ಓದುವುದನ್ನು ಕಣ್ಣಾರೆ ಕಂಡ ಮೇಲೆ ಅನ್ನಲಿಲ್ಲ.

ಹಾಗಾಗಿ ವಾದ ಮಾಡಬೇಡಿ. ಯಾರಾದರೂ ತಿಳಿದವರನ್ನು ಜೊತೆಗಿಟ್ಟುಕೊಂಡು, ಮನೆಯವರನ್ನೂ ಕೂರಿಸಿಕೊಂಡು ಆ ಡಿಇಬಿ ಪಟ್ಟಿ ತೆರೆಯಿರಿ. ಹೆಸರು ಇದ್ದರೆ ಅವರೂ ನೋಡುತ್ತಾರೆ, ಇಲ್ಲದಿದ್ದರೆ ಅವರೇ ನಿಮ್ಮನ್ನು ಉಳಿಸಿದಂತಾಗುತ್ತದೆ. ಮೈಸೂರಿನ ವಿಶ್ವವಿದ್ಯಾಲಯಗಳ ಹೆಸರನ್ನೂ ಅದೇ ಪಟ್ಟಿಯಲ್ಲಿ ಹುಡುಕಿ. ಮೈಸೂರು ವಿಶ್ವವಿದ್ಯಾನಿಲಯವೂ ಆನ್‌ಲೈನ್ ಕೋರ್ಸ್ ನಡೆಸುತ್ತದೆ. ಏನಾದರೂ ತೊಂದರೆಯಾದರೆ ರೈಲಿನಿಂದ ಇಳಿದು ಕಚೇರಿಗೆ ಹೋಗಿ ಎದುರು ನಿಂತು ಕೇಳಬಹುದು. ದೂರದ ರಾಜ್ಯದವರು ಫೋನ್ ಎತ್ತದಿದ್ದರೆ ಏನು ಮಾಡುತ್ತೀರಿ?

ಸೇರುವ ಮೊದಲು ಪರೀಕ್ಷೆ ಮನೆಯಲ್ಲೋ ಕೇಂದ್ರದಲ್ಲೋ ಅಂತ ಕೇಳಿಕೊಳ್ಳಿ. ಕೇಂದ್ರ ಅಂದರೆ ಯಾವ ಊರು ಅಂತಲೂ ಕೇಳಿ. ಮನೆಯಲ್ಲೇ ಆದರೆ ಒಂದು ಯುಪಿಎಸ್ ತಂದಿಟ್ಟುಕೊಳ್ಳಿ, ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ನಿಮಗೇ ಗೊತ್ತು. ವೈಫೈ ಜೊತೆಗೆ ಬೇರೆ ಕಂಪನಿಯ ಸಿಮ್ ಇರುವ ಫೋನ್ ಒಂದು ಹಾಟ್‌ಸ್ಪಾಟ್‌ಗೆ ಸಿದ್ಧವಿರಲಿ.

— ಓದುಗಿ, ಮದ್ದೂರು