ಪಿಪಿಇ ಧರಿಸುವ ಶುಶ್ರೂಷಾಧಿಕಾರಿಗಳಿಗೆ ಬೇಸಿಗೆಯಲ್ಲಿ ಎಷ್ಟು ಹೊತ್ತಿನ ಡ್ಯೂಟಿ ಹಾಕಬೇಕು?

ಪ್ರಶ್ನೆ: ಶುಶ್ರೂಷಾ ಮೇಲ್ವಿಚಾರಕಿ, ಕಲಬುರಗಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮ ಆಸ್ಪತ್ರೆಯ ಐಸೊಲೇಷನ್ ವಾರ್ಡ್‌ಗೆ ಬೇಸಿಗೆಯ ಡ್ಯೂಟಿ ಪಟ್ಟಿ ತಯಾರಿಸುವ ಹೊಣೆ ನನ್ನ ಮೇಲಿದೆ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ದಾಖಲಾದದ್ದು ನಮ್ಮ ಕಲಬುರಗಿಯಲ್ಲಿ. ಅದರ ಬೆನ್ನಿಗೇ ಬಂದ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನಮ್ಮ ಹುಡುಗಿಯರು ಆರು ಗಂಟೆಗಳ ಕಾಲ ಪಿಪಿಇ ಕಿಟ್ (ಸೋಂಕು ತಗಲದಂತೆ ತೊಡುವ ರಕ್ಷಣಾ ಉಡುಪು) ಬಿಚ್ಚದೆ ದುಡಿದರು. ಡ್ಯೂಟಿ ಮುಗಿಸಿ ಗ್ಲೌಸ್ ತೆಗೆದರೆ ಒಳಗಿದ್ದ ಬೆವರು ಮಣಿಕಟ್ಟಿನಿಂದ ಧಾರೆಯಾಗಿ ಸುರಿಯುತ್ತಿತ್ತು, ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಗಾಗಲ್ ಮಬ್ಬಾಗಿ, ರಕ್ತನಾಳವನ್ನು ಬೆರಳಿನಿಂದಲೇ ಹುಡುಕಿ ಕ್ಯಾನುಲಾ ಹಾಕಬೇಕಾಗುತ್ತಿತ್ತು.

ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ, ವಾರ್ಡ್‌ಗೆ ಅಂಥ ಅನುಕೂಲವಿಲ್ಲ. ಶಂಕಿತ ಸೋಂಕಿನ ರೋಗಿ ಮೇ ತಿಂಗಳ ಮಧ್ಯಾಹ್ನವೇ ಬರಬಹುದು. ಪೂರ್ಣ ಕಿಟ್‌ನಲ್ಲಿ ಒಬ್ಬರು ಒಮ್ಮೆಗೆ ಎಷ್ಟು ಹೊತ್ತು ಇರಬಹುದು, ವಿರಾಮ ಎಷ್ಟಿರಬೇಕು, ಯಾವ ಲಕ್ಷಣ ಕಂಡರೆ ತಕ್ಷಣ ಹೊರಗೆ ಕಳುಹಿಸಬೇಕು ಎಂಬುದನ್ನು ಲಿಖಿತ ನಿಯಮವಾಗಿ ಮಾಡಬೇಕೆಂದಿದ್ದೇನೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಔದ್ಯೋಗಿಕ ಆರೋಗ್ಯ ವೈದ್ಯ, ಬೆಂಗಳೂರು

ಮೇಡಂ, ಕಿಟ್‌ನೊಳಗೆ ಏನಾಗುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ನಿಯಮಕ್ಕೆ ಆಡಳಿತದ ಒಪ್ಪಿಗೆ ಪಡೆಯಲು ಅದೇ ಆಧಾರ. ಬೆವರು ಬಂದ ಮಾತ್ರಕ್ಕೆ ಮೈ ತಣಿಯುವುದಿಲ್ಲ. ಅದು ಆವಿಯಾದಾಗ ಮಾತ್ರ ತಣಿಯುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ದೇಹದಿಂದ ಹೊರಹೋಗುತ್ತದೆ. ಲ್ಯಾಮಿನೇಟ್ ಮಾಡಿದ ಕವರಾಲ್‌ನೊಳಗೆ (ಇಡೀ ಮೈ ಮುಚ್ಚುವ ಒಂದೇ ತುಂಡಿನ ಉಡುಪು) ಗಾಳಿ ಸ್ವಲ್ಪ ಹೊತ್ತಿನಲ್ಲೇ ತೇವದಿಂದ ತುಂಬಿಹೋಗುತ್ತದೆ, ಆಮೇಲೆ ಹರಿಯುವ ಬೆವರೆಲ್ಲ ನೀರು, ಲವಣಗಳ ನಷ್ಟವಷ್ಟೇ. ರೋಗಿಯನ್ನು ಹೊರಳಿಸುವುದು, ಟ್ರಾಲಿ ತಳ್ಳುವುದು ಮುಂತಾದ ಕೆಲಸದಿಂದ ಸ್ನಾಯುಗಳು ಶಾಖ ಉತ್ಪಾದಿಸುತ್ತಲೇ ಇರುತ್ತವೆ, ಅದಕ್ಕೆ ಹೊರಹೋಗುವ ದಾರಿಯಿಲ್ಲ.

ಆದ್ದರಿಂದ ಗೋಡೆಯ ಥರ್ಮಾಮೀಟರ್ ನೋಡಿ ನಿರ್ಧರಿಸಬೇಡಿ. ತಾಪಮಾನ, ತೇವಾಂಶ, ವಿಕಿರಣ ಶಾಖ, ಗಾಳಿಯ ಚಲನೆ ಇವೆಲ್ಲವನ್ನೂ ಸೇರಿಸಿ ಅಳೆಯುವ ವೆಟ್ ಬಲ್ಬ್ ಗ್ಲೋಬ್ ತಾಪಮಾನವೆಂಬ ಸೂಚ್ಯಂಕವಿದೆ. ಆವಿಯನ್ನು ಹೊರಬಿಡದ ಕವರಾಲ್ ತೊಟ್ಟವರ ವಿಷಯದಲ್ಲಿ ಈ ಅಳತೆಗೆ 11 ಡಿಗ್ರಿ ಸೆಲ್ಸಿಯಸ್ ಕೂಡಿಸಿ ಲೆಕ್ಕ ಹಾಕಬೇಕೆಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರ ಮಾನದಂಡ. ಹೊರಗಿನವರಿಗೆ ಸಹ್ಯವೆನಿಸುವ ಕೋಣೆ ಕಿಟ್ ಧರಿಸಿದವರಿಗೆ ಏಕೆ ಅಪಾಯಕಾರಿ ಎಂಬುದನ್ನು ಈ ಒಂದು ಅಂಕಿಯೇ ವಿವರಿಸುತ್ತದೆ.

2014ರಲ್ಲಿ ಪಶ್ಚಿಮ ಆಫ್ರಿಕಾದ ಎಬೋಲಾ ಕೇಂದ್ರಗಳಲ್ಲಿ ಪೂರ್ಣ ಕಿಟ್‌ನಲ್ಲಿ ಸಾಮಾನ್ಯವಾಗಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಯಾರನ್ನೂ ಇರಗೊಡುತ್ತಿರಲಿಲ್ಲ. ಎಸಿ ಇಲ್ಲದ ವಾರ್ಡ್‌ಗೆ ನಾನೂ ಅದನ್ನೇ ಹೇಳುತ್ತೇನೆ: ಗರಿಷ್ಠ ಒಂದು ಗಂಟೆ, ಕೆಲಸ ಭಾರವಾಗಿದ್ದರೆ 45 ನಿಮಿಷ. ಹೊರಬಂದ ಮೇಲೆ ಕನಿಷ್ಠ ಅಷ್ಟೇ ಹೊತ್ತು ತಂಪಾದ ಕೋಣೆಯಲ್ಲಿ ವಿರಾಮ ಕೊಡಿ. ರಜೆಯಿಂದ ಬಂದವರನ್ನೂ ಹೊಸಬರನ್ನೂ ಮೊದಲ ದಿನವೇ ಪೂರ್ತಿ ಪಾಳಿಗೆ ಹಾಕಬೇಡಿ. ಸೆಕೆಗೆ ದೇಹ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು.

ಉತ್ತರ 2: ಶುಶ್ರೂಷಾಧಿಕಾರಿ, ಬಳ್ಳಾರಿ

ಕೋವಿಡ್‌ನ ಎರಡು ಬೇಸಿಗೆಗಳಲ್ಲೂ ವಾರ್ಡ್‌ನೊಳಗಿದ್ದವಳಾಗಿ ಒಂದು ಮಾತನ್ನು ಒತ್ತಿ ಹೇಳಬೇಕಿದೆ. ನಮ್ಮನ್ನು ಕುಗ್ಗಿಸಿದ್ದರಲ್ಲಿ ಸೆಕೆಯಷ್ಟೇ ಪಾಲು ಬಾಯಾರಿಕೆಯದೂ ಇತ್ತು. ಕಿಟ್ ಹಾಕಿದರೆ ಶೌಚಾಲಯಕ್ಕೆ ಹೋಗುವಂತಿಲ್ಲ. ಹಾಗಾಗಿ ಡ್ಯೂಟಿಗೆ ಎರಡು ಮೂರು ಗಂಟೆ ಮೊದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಿದ್ದೆವು. ಅಂದರೆ ಒಳಗೆ ಕಾಲಿಡುವಾಗಲೇ ದೇಹ ಒಣಗಿರುತ್ತಿತ್ತು. ಮುಟ್ಟಿನ ದಿನಗಳಲ್ಲಿ ಕೆಲವರು ಡೈಪರ್ ಹಾಕಿಕೊಂಡರು, ಮೂತ್ರದ ಸೋಂಕಿಗೆ ಮಾತ್ರೆ ನುಂಗಿದವರು ಹಲವರು. ಇದನ್ನು ಯಾರೂ ದೂರೆಂದು ಬರೆದುಕೊಡಲಿಲ್ಲ, ಏಕೆಂದರೆ ಹೇಳಿಕೊಳ್ಳಲು ಸಂಕೋಚ.

ಆದ್ದರಿಂದ ಪಾಳಿಯ ಅವಧಿ ಒಂದು ಗಂಟೆಗೆ ಇಳಿದರೆ ಅದರ ಮೊದಲ ಲಾಭ ನೀರು ಕುಡಿಯುವ ಧೈರ್ಯ. ಕಿಟ್ ಹಾಕುವ ಮೊದಲ ಒಂದು ಗಂಟೆಯಲ್ಲಿ ಅರ್ಧ ಲೀಟರಿನಷ್ಟನ್ನು ಸ್ವಲ್ಪ ಸ್ವಲ್ಪವಾಗಿ ಕುಡಿದು, ಶೌಚಾಲಯಕ್ಕೆ ಹೋಗಿ, ಆಮೇಲೆ ಡಾನಿಂಗ್ (ಕಿಟ್ ತೊಡುವುದು) ಮಾಡಲಿ. ಹೊರಬಂದ ಮೇಲೆ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯದೆ, ಉಪ್ಪು ಹಾಕಿದ ಮಜ್ಜಿಗೆ ಅಥವಾ ಸರಿಯಾದ ಪ್ರಮಾಣದಲ್ಲಿ ಕಲಸಿದ ಓಆರ್‌ಎಸ್ ತೆಗೆದುಕೊಳ್ಳಲಿ. ಡಾಫಿಂಗ್ ಕೋಣೆಯ (ಕಿಟ್ ಕಳಚುವ ಕೋಣೆ) ಹೊರಗೆ ಒಂದು ತೂಕದ ಯಂತ್ರ ಇಡಿ: ಡ್ಯೂಟಿಗೆ ಮುಂಚೆ, ನಂತರ ಒಂದೇ ಬಗೆಯ ಒಣ ಸ್ಕ್ರಬ್‌ನಲ್ಲಿ ತೂಗಿದರೆ, ಕಡಿಮೆಯಾದ ಪ್ರತಿ ಕಿಲೋ ಹೆಚ್ಚುಕಡಿಮೆ ಒಂದು ಲೀಟರ್ ನೀರಿನ ನಷ್ಟ. 60 ಕಿಲೋ ತೂಕದವರು ಒಂದು ಕಿಲೋಗಿಂತ ಹೆಚ್ಚು ಕಳೆದುಕೊಂಡಿದ್ದರೆ ಅವತ್ತು ಮತ್ತೆ ಒಳಗೆ ಕಳುಹಿಸಬೇಡಿ.

ಇನ್ನೊಂದು ಸಂಗತಿ: ಒಳಗೆ ಯಾವಾಗಲೂ ಇಬ್ಬರಿರಲಿ, ಒಬ್ಬರು ಇನ್ನೊಬ್ಬರ ಮೇಲೆ ಕಣ್ಣಿಟ್ಟಿರಲಿ. ಸೆಕೆ ತಲೆಗೇರಿದವರಿಗೆ ಅದು ತಮಗೇ ಗೊತ್ತಾಗುವುದಿಲ್ಲ. ತಲೆನೋವು, ಕಾಲಿನ ಸೆಳೆತಕ್ಕಿಂತ ಮುಂಚೆಯೇ ಸಿಡುಕುತನ ಕಾಣಿಸಬಹುದು. ಕೇಳಿದ್ದನ್ನೇ ಮತ್ತೆ ಕೇಳುವುದು, ಡ್ರಿಪ್‌ನ ಲೆಕ್ಕ ತಪ್ಪುವುದು, ಲೇಬಲ್ ಎರಡೆರಡು ಸಲ ಓದುವುದು ಶುರುವಾಗುತ್ತದೆ. ಆ ಹೊತ್ತಿನಲ್ಲೇ ಹೊರಗೆ ಕರೆತರಬೇಕು. ಏಕೆಂದರೆ ಸೋಂಕು ತಗಲುವ ಅಪಾಯ ಹೆಚ್ಚಿರುವುದು ಕಿಟ್ ಕಳಚುವಾಗ, ತಲೆ ಸುತ್ತುತ್ತಿರುವವರ ಕೈ ಆಗ ಮುಖಕ್ಕೆ ಹೋಗದೆ ಇರುವುದಿಲ್ಲ.

ಉತ್ತರ 3: ವೈದ್ಯಕೀಯ ಜವಳಿ ಎಂಜಿನಿಯರ್, ಬೆಂಗಳೂರು

ಬಟ್ಟೆಯ ಕಡೆಯಿಂದಲೂ ಒಂದೆರಡು ಮಾತು ಸೇರಿಸುತ್ತೇನೆ. 2020ರಲ್ಲಿ ಅವಸರದಲ್ಲಿ ತಯಾರಾದ ಕವರಾಲ್‌ಗಳಲ್ಲಿ ಬಹುಪಾಲು ಪಾಲಿಪ್ರೊಪಿಲೀನ್ ನಾನ್‌ವೋವನ್ (ನೇಯದೆ ತಯಾರಿಸಿದ) ಬಟ್ಟೆಗೆ ಪ್ಲಾಸ್ಟಿಕ್ ಪದರ ಅಂಟಿಸಿದಂಥವು. ಕೃತಕ ರಕ್ತ ಒಳನುಸುಳಬಾರದೆಂಬ ಪರೀಕ್ಷೆಯಲ್ಲಿ ಗೆಲ್ಲಲು ಅದು ಸುಲಭದ ದಾರಿಯಾಗಿತ್ತು. ಆದರೆ ರಕ್ತವನ್ನು ತಡೆಯುತ್ತಲೇ ನೀರಾವಿಯನ್ನು ಹೊರಬಿಡುವ ಮೈಕ್ರೋಪೋರಸ್ (ಅತಿ ಸೂಕ್ಷ್ಮ ರಂಧ್ರಗಳ) ಪದರದ ಬಟ್ಟೆಗಳೂ ಇವೆ. ಟೆಂಡರ್‌ನಲ್ಲಿ ಕವರಾಲ್‌ಗಳ ಭಾರತೀಯ ಮಾನಕವಾದ ಐಎಸ್ 17423 ಎಂದಷ್ಟೇ ಬರೆದು ಬಿಡದೆ, ನೀರಾವಿ ಹೊರಹೋಗುವ ಪ್ರಮಾಣದ ಪರೀಕ್ಷಾ ವರದಿಯನ್ನೂ ಕೇಳಿ.

ಅದಕ್ಕಿಂತ ಮುಖ್ಯವಾದದ್ದು, ಎಲ್ಲ ಸೋಂಕಿಗೂ ಕವರಾಲ್ ಬೇಕಿಲ್ಲ ಎಂಬುದು. ಕೋವಿಡ್ ರೋಗಿಯ ಆರೈಕೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಗೌನ್, ಗ್ಲೌಸ್, ಮಾಸ್ಕ್ ಮತ್ತು ಕಣ್ಣಿನ ರಕ್ಷಣೆ. ಹಿಂಭಾಗದಲ್ಲಿ ಕಟ್ಟುವ ಗೌನ್ ತೊಟ್ಟರೆ ತಲೆ, ಕುತ್ತಿಗೆ, ಕಾಲುಗಳಿಗೆ ಗಾಳಿಯಾಡುತ್ತದೆ, ಕಳಚುವುದೂ ಸುಲಭ. ಯಾವ ಶಂಕಿತ ರೋಗಕ್ಕೆ ಯಾವ ಉಡುಪು ಎಂಬುದನ್ನು ನಿಮ್ಮ ಸೋಂಕು ನಿಯಂತ್ರಣ ಸಮಿತಿ ಮೊದಲೇ ಬರೆದಿಟ್ಟರೆ, ಭಯದಿಂದ ಎಲ್ಲರಿಗೂ ಪೂರ್ತಿ ಕಿಟ್ ತೊಡಿಸುವ ಪರಿಸ್ಥಿತಿ ಬರುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಒಂದು ಗಂಟೆಯ ಪಾಳಿಯೆಂದರೆ ಕಿಟ್‌ಗಳ ಖರ್ಚು ಹಲವು ಪಟ್ಟು ಏರುತ್ತದೆ ಎಂದು ಉಗ್ರಾಣದಿಂದ ಆಕ್ಷೇಪ ಬರುವುದು ಖಚಿತ. ಅದಕ್ಕೇನು ಉತ್ತರ ಕೊಡಲಿ? ಹಾಗೆಯೇ, ಕಿಟ್ ಹಾಕಿದವರು ಒಳಗೇ ಕುಸಿದುಬಿದ್ದರೆ ಮೊದಲು ಏನು ಮಾಡಬೇಕು?

ಉತ್ತರ 4: ಔದ್ಯೋಗಿಕ ಆರೋಗ್ಯ ವೈದ್ಯ, ಬೆಂಗಳೂರು

ಆರು ಗಂಟೆಯ ಪಾಳಿ ಬಂದದ್ದು ಕಿಟ್‌ಗಳ ಕೊರತೆಯಿಂದ. ಮನುಷ್ಯರ ಸಾಮರ್ಥ್ಯವನ್ನು ಅಳೆದು ಯಾರೂ ಅದನ್ನು ನಿಗದಿ ಮಾಡಲಿಲ್ಲ. ಇಂದು ಆ ಕೊರತೆಯಿಲ್ಲ, ನಿಯಮ ಮಾತ್ರ ರೂಢಿಯಾಗಿ ಉಳಿದಿದೆ. ಉಗ್ರಾಣದವರಿಗೆ ಇದನ್ನು ನೇರವಾಗಿ ಹೇಳಿ. ಜೊತೆಗೆ ಕೆಲಸವನ್ನು ಗುಂಪುಗೂಡಿಸಿದರೆ ಕಿಟ್‌ಗಳೂ ಉಳಿಯುತ್ತವೆ: ಔಷಧ, ಸ್ಯಾಂಪಲ್, ಹಾಸಿಗೆ ಬದಲಾವಣೆ, ಊಟ ಇವೆಲ್ಲವನ್ನೂ ಒಂದೇ ಪ್ರವೇಶದಲ್ಲಿ ಮುಗಿಸಬೇಕು, ಭಾರದ ಕೆಲಸ ಬೆಳಿಗ್ಗೆ 9ರೊಳಗೆ ಆಗಬೇಕು, ಉಳಿದ ಹೊತ್ತು ಗಾಜಿನ ಆಚೆಯಿಂದ ಮಾನಿಟರ್ ಮತ್ತು ಫೋನ್ ಮೂಲಕ ನಿಗಾ ಇಡಬೇಕು. ವಾರ್ಡ್‌ಗೆ ಸ್ಪ್ಲಿಟ್ ಎಸಿ ಹಾಕಿ, ಒಳಗಿನ ಗಾಳಿಯನ್ನು ಎಕ್ಸಾಸ್ಟ್ ಫ್ಯಾನ್‌ನಿಂದ ಹೊರಗೆ ಕಳುಹಿಸುವ ಏರ್ಪಾಡು ಮಾಡಿ. ಕೋವಿಡ್ ಕಾಲದಲ್ಲಿ ಭಾರತದ ಹವಾನಿಯಂತ್ರಣ ಎಂಜಿನಿಯರುಗಳ ಸಂಘಟನೆ ಕೋಣೆಯ ತಾಪಮಾನಕ್ಕೆ ಸೂಚಿಸಿದ್ದು 24ರಿಂದ 30 ಡಿಗ್ರಿ. ಕಿಟ್ ಧರಿಸಿದವರಿಗೆ 24ರ ಕಡೆಯದೇ ಸರಿ. ವಿರಾಮದ ಕೋಣೆಯಲ್ಲಿ ಒಂದು ಅಗಲ ಟಬ್ ತಣ್ಣೀರಿಡಿ. ಮೊಣಕೈವರೆಗೆ ಕೈಗಳನ್ನು ಹತ್ತು ಹದಿನೈದು ನಿಮಿಷ ಮುಳುಗಿಸುವುದು ಅಗ್ನಿಶಾಮಕ ಸಿಬ್ಬಂದಿ ಬಳಸುವ, ಬಹಳ ಅಗ್ಗದ ಉಪಾಯ.

ಕುಸಿದವರ ಮಾತು ತೊದಲುತ್ತಿದ್ದರೆ, ಗೊಂದಲವಿದ್ದರೆ ಅಥವಾ ಎಚ್ಚರ ತಪ್ಪಿದ್ದರೆ ಬೇರೆ ಕಾರಣ ಸಾಬೀತಾಗುವವರೆಗೆ ಅದನ್ನು ಹೀಟ್ ಸ್ಟ್ರೋಕ್ (ಸೆಕೆಯಿಂದ ಬರುವ ಪ್ರಾಣಾಪಾಯದ ಆಘಾತ) ಎಂದೇ ಭಾವಿಸಿ, ಗ್ಲುಕೋಸ್ ಪರೀಕ್ಷೆಯನ್ನು ಜೊತೆಯಲ್ಲೇ ಮಾಡಿ. ಸ್ಟ್ರೆಚರ್‌ನಲ್ಲಿ ಡಾಫಿಂಗ್ ಜಾಗಕ್ಕೆ ತಂದು, ಕಿಟ್ ಧರಿಸಿದ ಇಬ್ಬರು ಕವರಾಲನ್ನು ಮುಂಭಾಗದಿಂದ ಕತ್ತರಿಸಿ, ಹೊರಮೈ ಒಳಗಾಗುವಂತೆ ಸುರುಳಿ ಸುತ್ತಿ ತೆಗೆಯಬೇಕು. ನಂತರ ತಡಮಾಡದೆ ತಣ್ಣೀರಿನಲ್ಲಿ ಮುಳುಗಿಸಬೇಕು; ಅದಾಗದಿದ್ದರೆ ಮೈಗೆಲ್ಲ ನೀರು ಸುರಿದು ಫ್ಯಾನ್ ಹಾಕಿ, ಕಂಕುಳು, ತೊಡೆಸಂದು, ಕುತ್ತಿಗೆಗೆ ಐಸ್ ಇಡಬೇಕು. ಗುದದ್ವಾರದ ತಾಪ 39 ಡಿಗ್ರಿಗೆ ಇಳಿಯುವವರೆಗೆ ಬೇರೆ ಆಸ್ಪತ್ರೆಗೆ ಸಾಗಿಸುವ ಯೋಚನೆ ಬೇಡ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸಕ್ಕೆ ಬಾರದು, ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಲೂಬಾರದು.

ಪಟ್ಟಿ ಬರೆಯುವ ಮೊದಲು ಪ್ರತಿಯೊಬ್ಬರನ್ನೂ ಖಾಸಗಿಯಾಗಿ ಕೇಳಿ: ಗರ್ಭಿಣಿಯರು, ಜ್ವರ ಅಥವಾ ಭೇದಿಯಿಂದ ಈಗಷ್ಟೇ ಎದ್ದವರು, ರಕ್ತದೊತ್ತಡಕ್ಕೆ ಮೂತ್ರವರ್ಧಕ ಅಥವಾ ಬೀಟಾ ಬ್ಲಾಕರ್ ಸೇವಿಸುವವರು, ಅಲರ್ಜಿಯ ಮಾತ್ರೆ ನುಂಗಿದವರು ಮಧ್ಯಾಹ್ನದ ಕಿಟ್ ಡ್ಯೂಟಿಯಲ್ಲಿ ಇರಬಾರದು. ಆ ಹೆಸರುಗಳು ನೋಟಿಸ್ ಬೋರ್ಡ್‌ಗೆ ಹೋಗದೆ ನಿಮ್ಮಲ್ಲೇ ಉಳಿಯಲಿ.