ಪಿ53 ಸ್ಲೈಡ್ ಖಾಲಿ: ಗಡ್ಡೆಯ ಗುಣವೋ, ನಮ್ಮ ತಪ್ಪೋ?

ಪ್ರಶ್ನೆ (ಲ್ಯಾಬ್ ಟೆಕ್ನೀಷಿಯನ್, ಕಲಬುರಗಿ)

ನಮಸ್ಕಾರ್ರಿ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಕೇಸ್ ಇದು. ಆಪರೇಷನ್ ಆದ ಗರ್ಭಕೋಶ ಜೇವರ್ಗಿ ಕಡೆಯಿಂದ ಡಬ್ಬಿಯಲ್ಲಿ ಬಂತು. ಎಚ್ ಅಂಡ್ ಇ (ಮಾಮೂಲಿ ಬಣ್ಣ ಹಾಕಿದ) ಸ್ಲೈಡಿನಲ್ಲಿ ನ್ಯೂಕ್ಲಿಯಸ್ ದೊಡ್ಡವು, ಒರಟು. ನಡುನಡುವೆ ದೈತ್ಯ ಕೋಶಗಳು. ಗಡ್ಡೆಯೊಳಗೆ ಲಿಂಫೋಸೈಟ್ (ರೋಗ ತಡೆಯುವ ಬಿಳಿ ರಕ್ತಕೋಶ) ಜಾಸ್ತಿ. ಪಿ53 (ಗಡ್ಡೆ ಬೆಳೆಯದಂತೆ ತಡೆಯುವ ಪ್ರೋಟೀನ್) ತೋರಿಸುವ ಸ್ಟೇನ್ ಹಾಕಿದರೆ ಕಂದು ಬಣ್ಣವೇ ಇಲ್ಲ, ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಮಸುಕು ಚುಕ್ಕೆ ಅಷ್ಟೇ. ಡಿಎನ್‌ಎ ತಪ್ಪು ತಿದ್ದುವ ಎಂಎಲ್‌ಎಚ್1 ಪ್ರೋಟೀನಿನ ಸ್ಟೇನ್ ಅಂಚಿನಲ್ಲಿ ಬಂದಿದೆ, ನಡುವೆ ಇಲ್ಲ. ಅದೇ ಸ್ಲೈಡಿಗೆ ಹಾಕಿದ ಕಂಟ್ರೋಲ್ (ಬಣ್ಣ ಹಿಡಿಯುವುದು ಮೊದಲೇ ಗೊತ್ತಿರುವ) ತುಣುಕು ಮಾತ್ರ ಚೆನ್ನಾಗಿದೆ. ಎರಡು ಸಲ ಮಾಡಿದೆ, ಹಾಗೇ. ಇದನ್ನು ಪಿ53 ಕೆಟ್ಟ ಗುಂಪು, ಅಂದರೆ ಹೆಚ್ಚು ಅಪಾಯದ ಗಡ್ಡೆ, ಅನ್ನಬಹುದಾ?

ಉತ್ತರ (ಪೆಥಾಲಜಿ, ಬೀದರ್)

ಈಗಲೇ ಏನೂ ಬರೆಯಬೇಡ್ರಿ. ಕಂಟ್ರೋಲ್ ಬಂದಿದೆ ಅಂದರೆ ನಿಮ್ಮ ಕೆಮಿಕಲ್ ಸರಿ ಇದೆ, ಅಷ್ಟೇ. ಈ ತುಂಡಿನ ಬಗ್ಗೆ ಹೇಳುವುದು ಗಡ್ಡೆಯ ಪಕ್ಕದ ಸಾಮಾನ್ಯ ಕೋಶಗಳು: ಸ್ಟ್ರೋಮಾ (ನಡುವಿನ ಆಧಾರದ ಅಂಗಾಂಶ), ಲಿಂಫೋಸೈಟ್, ರಕ್ತನಾಳದ ಒಳಗೋಡೆ. ಪಿ53 ನಿಜಕ್ಕೂ ಹೋಗಿದ್ದರೆ ಗಡ್ಡೆಯ ಕೋಶ ಖಾಲಿ ಇರುತ್ತವೆ, ಪಕ್ಕದವು ತೆಳುವಾಗಿಯಾದರೂ ಬಣ್ಣ ಹಿಡಿಯುತ್ತವೆ. ಎಲ್ಲವೂ ಖಾಲಿ ಇದ್ದರೆ ಆ ಸ್ಲೈಡ್ ಏನನ್ನೂ ಹೇಳುವುದಿಲ್ಲ. ಎಂಎಲ್‌ಎಚ್1ನಲ್ಲೂ ಅದನ್ನೇ ನೋಡಿ. ಗರ್ಭಕೋಶವನ್ನು ಸೀಳಿ ಕಳಿಸಿದ್ದರಾ?

ಕಲಬುರಗಿ

ಇಲ್ಲ ಮೇಡಂ, ಇಡಿಯಾಗಿತ್ತು. ಡಬ್ಬಿ ಸಣ್ಣದು, ಅಂಗ ಕೆಡದಂತೆ ಹಾಕುವ ಫಾರ್ಮಲಿನ್ ಮುಳುಗುವಷ್ಟೂ ಇರಲಿಲ್ಲ. ಮರುದಿನ ನಾವೇ ತೆರೆದೆವು. ಈಗ ನೋಡಿದೆ, ನಡುವೆ ಸ್ಟ್ರೋಮಾನೂ ಖಾಲಿ.

ಬೀದರ್

ಹಾಗಾದರೆ ಗೊತ್ತಾಯಿತು. ಫಾರ್ಮಲಿನ್ ಗಂಟೆಗೆ ಸುಮಾರು 1 ಮಿಲಿಮೀಟರ್ ಇಳಿಯುತ್ತದೆ, ಒಳಗೆ ಹೋದಷ್ಟೂ ನಿಧಾನ. ದಪ್ಪ ಸ್ನಾಯು ದಾಟಿ ಒಳಪದರ ಮುಟ್ಟುವಷ್ಟರಲ್ಲಿ ನಮ್ಮ ಬಿಸಿಲಿಗೆ ಕೋಶದ ಪ್ರೋಟೀನ್ ಹಾಳಾಗಿರುತ್ತದೆ. ಸ್ಟೇನ್ ಹಿಡಿಯಬೇಕಾದ್ದು ಅದನ್ನೇ ಅಲ್ವಾ. ಇನ್ನು ಎಷ್ಟು ಸಲ ಮಾಡಿದರೂ ಆ ಬ್ಲಾಕ್ (ಮೇಣದಲ್ಲಿ ಕೂರಿಸಿದ ತುಂಡು) ಹಾಗೇ.

ಆಪರೇಷನ್‌ಗೆ ಮುಂಚೆ ತೆಗೆದ ಬಯಾಪ್ಸಿಯ ಬ್ಲಾಕ್ ತರಿಸಿ. ಸಣ್ಣ ಚೂರಿಗೆ ಫಾರ್ಮಲಿನ್ ಬೇಗ ಇಳಿದಿರುತ್ತದೆ. ಅದರ ಮೇಲೆ ಪಿ53 ಮತ್ತು ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಹಾಕಿ.

ಇನ್ನೊಂದು ಮಾತು. ನೀವು ಬರೆದ ಕೋಶಗಳ ವಿವರ ನನ್ನನ್ನು ಕಾಡುತ್ತಿದೆ. 2013ರಲ್ಲಿ ಟಿಸಿಜಿಎ (ಕ್ಯಾನ್ಸರ್ ಜೀನ್‌ಗಳ ದೊಡ್ಡ ಅಧ್ಯಯನ) ಸಂಶೋಧಕರು ಜೀನ್ ನೋಡಿ ಈ ಕ್ಯಾನ್ಸರನ್ನು ನಾಲ್ಕು ಗುಂಪು ಮಾಡಿದರು. ಗಡ್ಡೆಯಲ್ಲಿ ಲಿಂಫೋಸೈಟ್ ತುಂಬಿದ್ದರೆ ಪೋಲ್ ಗುಂಪು (ಡಿಎನ್‌ಎ ನಕಲು ಮಾಡುವ ಪೋಲ್ ಜೀನ್ ಕೆಟ್ಟದ್ದು) ಅಥವಾ ಎಂಎಂಆರ್ (ಡಿಎನ್‌ಎ ತಪ್ಪು ತಿದ್ದುವ ಆ ನಾಲ್ಕು ಪ್ರೋಟೀನ್) ಕೊರತೆಯ ಗುಂಪು ನೆನಪಾಗಬೇಕು. ದೈತ್ಯ ಕೋಶವೂ ಇದ್ದರೆ ನಾನು ಪೋಲ್ ಕಡೆ ವಾಲುತ್ತೇನೆ. ಪಿ53 ಗುಂಪಿನಲ್ಲೂ ನ್ಯೂಕ್ಲಿಯಸ್ ಇಷ್ಟೇ ಒರಟು, ಅದಕ್ಕೇ ಕಣ್ಣು ಮೋಸ ಹೋಗುತ್ತದೆ. ನೋಡಲು ಎರಡೂ ಒಂದೇ ಥರ ಭಯ ಹುಟ್ಟಿಸುತ್ತವೆ, ಆದರೆ ಪೋಲ್ ಆದವರು ಸಾಮಾನ್ಯವಾಗಿ ಚೆನ್ನಾಗಿ ಬದುಕುತ್ತಾರೆ. 2023ರ ಫಿಗೊ (ಅಂತಾರಾಷ್ಟ್ರೀಯ ಸ್ತ್ರೀರೋಗ ತಜ್ಞರ ಸಂಸ್ಥೆ) ಕ್ಯಾನ್ಸರ್ ಹಂತಗಳ ಪಟ್ಟಿಯಲ್ಲಿ, ಗರ್ಭಕೋಶ ದಾಟದ ಗಡ್ಡೆ ಪೋಲ್ ಆದರೆ ಹಂತ 1ಎಗೆ ಇಳಿಯುತ್ತದೆ. ಗರ್ಭಕೋಶ ದಾಟದೆ ಸ್ನಾಯುವಿಗೆ ಹೊಕ್ಕ ಗಡ್ಡೆ ಪಿ53 ಕೆಟ್ಟದ್ದಾದರೆ 2ಸಿಗೆ ಏರುತ್ತದೆ. ಒಂದು ಖಾಲಿ ಸ್ಲೈಡ್ ನಂಬಿ ಆ ತಾಯಿಗೆ ಬೇಡದ ಕೀಮೋ ಹತ್ತಬಾರದು.

ಯಾದಗಿರಿ (ಆಪರೇಷನ್ ಥಿಯೇಟರ್)

ಗರ್ಭಕೋಶವನ್ನು ನಾವು ಥಿಯೇಟರಿನಲ್ಲೇ ಸೀಳಿದರೆ, ಗಡ್ಡೆ ಎಷ್ಟು ಆಳ ಹೋಗಿದೆ ಅನ್ನುವ ನಿಮ್ಮ ಅಳತೆ ಕೆಡುವುದಿಲ್ಲವಾ?

ಬೀದರ್

ಎರಡೂ ಪಕ್ಕದಿಂದ, ಗರ್ಭಕೋಶದ ಬಾಯಿಯಿಂದ ಮೇಲಿನವರೆಗೆ ನೇರವಾಗಿ ಸೀಳಿದರೆ ಕೆಡುವುದಿಲ್ಲ. ಮೊದಲು ನಿಮ್ಮ ಪೆಥಾಲಜಿಯವರಿಗೆ ಒಂದು ಫೋನ್ ಮಾಡಿ. ನಡುವೆ ಗಾಜ್ ಬಟ್ಟೆ ಇಡಿ. ಫಾರ್ಮಲಿನ್ ಅಂಗದ ಹತ್ತು ಪಟ್ಟು ಇರಲಿ.

ಕಲಬುರಗಿ

ಬಯಾಪ್ಸಿ ಬ್ಲಾಕ್ ಸಿಕ್ಕಿತು ಮೇಡಂ! ಪಿ53 ಕೆಲವು ಕೋಶದಲ್ಲಿ ಗಾಢ, ಕೆಲವದರಲ್ಲಿ ತೆಳು, ಕೆಲವು ಖಾಲಿ. ಸ್ಟ್ರೋಮಾ ಬಣ್ಣ ಹಿಡಿದಿದೆ. ಉಳಿದ ನಾಲ್ಕೂ ಇವೆ.

ಬೀದರ್

ಪಿ53 ಸಹಜ ಅಂತ ಆಯಿತು. ಎಂಎಂಆರ್ ಕೊರತೆಯೂ ಇಲ್ಲ. ಪೋಲ್ ಸ್ಟೇನಿನಲ್ಲಿ ಕಾಣುವುದಿಲ್ಲ, ಜೀನ್ ಓದುವ ಸೀಕ್ವೆನ್ಸಿಂಗೇ ಬೇಕು.

ಕಲಬುರಗಿ

ಬ್ಲಾಕ್ ಇವತ್ತೇ ಕಳಿಸಿದೆವು. ಜೇವರ್ಗಿಗೆ ನಾಲ್ಕು ದೊಡ್ಡ ಡಬ್ಬಿ ಫಾರ್ಮಲಿನ್ ತುಂಬಿಸಿ ನಾನೇ ಕೊಟ್ಟು ಬಂದೆ.