ಮೀಟಿಯರ್ 350: ಹಿಮ್ಮಡಿಯಿಂದ ತುಳಿದ್ರೆ ಗೇರ್ ಕೂರ್ತಿಲ್ಲ, ಫಾಲ್ಸ್ ನ್ಯೂಟ್ರಲ್ ಬೀಳ್ತಿದೆ

ಸಕಲೇಶಪುರ_ಸವಾರ
ಗಾಡಿ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350. ಗೇರ್ ಪೆಡಲ್‌ಗೆ ಎರಡು ಪ್ಯಾಡ್: ಹಿಂದಿನ ಹೀಲ್ ಪ್ಯಾಡ್ ಹಿಮ್ಮಡಿಯಿಂದ ತುಳಿದ್ರೆ ಗೇರ್ ಏರ್ಬೇಕು, ಮುಂದಿನದು ತುಳಿದ್ರೆ ಇಳೀಬೇಕು. ಹಿಮ್ಮಡಿಯಿಂದ ಗೇರ್ ಏರಿಸೋಕೆ ಹೋದ್ರೆ ಕೂರ್ತಾನೇ ಇಲ್ಲ. ಒಂದರಿಂದ ಎರಡಕ್ಕೆ ತುಳಿದ್ರೆ ನ್ಯೂಟ್ರಲ್‌ನಲ್ಲಿ ನಿಲ್ಲುತ್ತೆ. ನಾಲ್ಕರಿಂದ ಐದಕ್ಕೆ ತುಳಿದ್ರೆ ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ, ಫಾಲ್ಸ್ ನ್ಯೂಟ್ರಲ್ ಅಂತಾರಲ್ಲ ಅದು, ಇಂಜಿನ್ ಸುಮ್ನೆ ಕಿರುಚುತ್ತೆ. ಶಿರಾಡಿ ಘಾಟಿಯಲ್ಲಿ ಹಿಂದೆ ಟ್ಯಾಂಕರ್ ಇರೋವಾಗ ಹೀಗಾದ್ರೆ ಏನು ಗತಿ? ಸರ್ವೀಸ್ ಆಗಿದೆ, ಆಯಿಲ್ ಹೊಸದು. ಗೇರ್‌ಬಾಕ್ಸ್ ಬಿಚ್ಚಿಸ್ಬೇಕಾ? ಗೊತ್ತಿರೋರು ಬೇಗ ಹೇಳಿ.

ಕ್ಲಚ್_ವೈರ್
ಆಯಿಲ್ ಯಾವುದು ಹಾಕಿದ್ರು ಅಂತ ಮೊದಲು ಹೇಳಿ ಸರ್. 15ಡಬ್ಲ್ಯು-50, ಜಾಸೋ ಎಂಎ2 (ಬೈಕ್ ಕ್ಲಚ್‌ಗೆ ಹೊಂದೋ ಆಯಿಲ್‌ನ ದರ್ಜೆ) ಇರ್ಲೇಬೇಕು. ಕಾರಿನ ಆಯಿಲ್ ಹಾಕಿದ್ರೆ ಕ್ಲಚ್ ಪ್ಲೇಟ್ ಜಾರಬಹುದು. ಆಮೇಲೆ ಕ್ಲಚ್ ಲಿವರ್ ಬುಡದಲ್ಲಿ 2-3 ಎಂಎಂ ಪ್ಲೇ ಇದೆಯಾ ನೋಡಿ. ಜಾಸ್ತಿ ಇದ್ರೆ ಕ್ಲಚ್ ಪೂರ್ತಿ ಬಿಡಲ್ಲ, ಗೇರ್ ಕೂರಲ್ಲ. ನೂರಕ್ಕೆ ನೂರು ಇದೇ.

ಧಾರವಾಡ_ಥಂಪ್
ಸಕಲೇಶಪುರದವರ, ಒಂದ ಮಾತ ಹೇಳ್ರಿ. ಹಿಮ್ಮಡಿ ಬಿಟ್ಟು ಮುಂದಿನ ಪ್ಯಾಡ್ ಕೆಳಗ ಬೂಟಿನ ತುದಿ ಹಾಕಿ ಎತ್ತಿದ್ರ ಗೇರ್ ಬೀಳ್ತಾವೋ ಇಲ್ಲೋ?

ಸಕಲೇಶಪುರ_ಸವಾರ
ಅದು ಪ್ರತಿ ಸಲ ಸರಿಯಾಗೇ ಬೀಳುತ್ತೆ. ಆದ್ರೆ ಹೀಲ್ ಪ್ಯಾಡ್ ಕೊಟ್ಟಿರೋದು ತುಳಿಯೋಕೆ ತಾನೇ? ಆಯಿಲ್ 15ಡಬ್ಲ್ಯು-50, ಡಬ್ಬದ ಮೇಲೆ ಎಂಎ2 ಅಂತಾನೇ ಇದೆ.

ಧಾರವಾಡ_ಥಂಪ್
ಹಂಗಾದ್ರ ಗೇರ್‌ಬಾಕ್ಸ್ ಮುಟ್ಟಬ್ಯಾಡ್ರಿ. ಮುಂದಿನದು ಎತ್ತಿದ್ರೂ ಹಿಂದಿನದು ತುಳಿದ್ರೂ ಗೇರ್‌ಬಾಕ್ಸ್ ಒಳಗ ತಿರುಗೂದು ಅದ ಶಾಫ್ಟ್, ಅದ ಡ್ರಮ್, ಗೇರ್ ಸರಿಸೂದು ಅದ ಫೋರ್ಕ್. ಒಂದ ದಾರಿಯಿಂದ ಸರಿ ಬಿದ್ದು ಇನ್ನೊಂದು ದಾರಿಯಿಂದ ಬೀಳ್ಲಿಲ್ಲ ಅಂದ್ರ ತೊಂದರಿ ಇಂಜಿನ್ ಹೊರಗ ಐತಿ.

ಕ್ಲಚ್_ವೈರ್
ಹಾಗೆ ತೀರ್ಮಾನ ಮಾಡೋಕಾಗಲ್ಲ. ಕ್ಲಚ್ ಅರ್ಧ ಬಿಟ್ರೆ ಕೆಲವೊಮ್ಮೆ ಬೀಳುತ್ತೆ, ಕೆಲವೊಮ್ಮೆ ಬೀಳಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಬಿಸಿ ಆದ್ಮೇಲೆ ಒಂದನೇ ಗೇರ್‌ನಲ್ಲಿ ಕ್ಲಚ್ ಹಿಡಿದು ಹಿಂದಿನ ಚಕ್ರ ನೋಡಿ. ಜೋರಾಗಿ ತಿರುಗ್ತಾ ಇದ್ರೆ ಕೇಬಲ್ ಅಡ್ಜಸ್ಟ್ ಮಾಡ್ಲೇಬೇಕು.

ಹತ್ತರ_ಸ್ಪ್ಯಾನರ್
ಲಿವರ್ ಹಿಡಿದ್ರೂ ಕ್ಲಚ್ ಪೂರ್ತಿ ಬಿಡದಿದ್ರೆ ಕಾಣೋ ಲಕ್ಷಣವೇ ಬೇರೆ: ಸಿಗ್ನಲ್‌ನಲ್ಲಿ ನಿಂತಾಗ ನ್ಯೂಟ್ರಲ್ ಸಿಗಲ್ಲ, ಒಂದನೇ ಗೇರ್‌ಗೆ ಹಾಕಿದಾಗ ಧಡ್ ಅಂತ ಗಾಡಿ ಮುಂದಕ್ಕೆ ಜಿಗಿಯುತ್ತೆ. ಇವರಿಗೆ ಉಲ್ಟಾ, ಬೇಡದ ಜಾಗದಲ್ಲಿ ನ್ಯೂಟ್ರಲ್ ಸಿಗ್ತಿದೆ. ವೆಟ್ ಕ್ಲಚ್‌ನಲ್ಲಿ (ಆಯಿಲ್‌ನಲ್ಲಿ ಮುಳುಗಿರೋ ಕ್ಲಚ್) ಚಕ್ರ ನಿಧಾನಕ್ಕೆ ತಿರುಗೋದು ಸಹಜ, ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿದ್ರೆ ನಿಂತ್ರೆ ಸಾಕು. ತಿರುಗೋ ಚಕ್ರಕ್ಕೆ ಕೈ ಹಾಕ್ಬೇಡಿ.

ನನ್ನ ಲೆಕ್ಕ: ಪೆಡಲ್ ಪೂರ್ತಿ ದೂರ ಹೋಗ್ತಿಲ್ಲ. ಒಂದು ಮತ್ತು ಎರಡರ ಮಧ್ಯೆ ನ್ಯೂಟ್ರಲ್ ಇರೋದು ಅರ್ಧ ತುಳಿತದ ದೂರದಲ್ಲಿ, ಅರ್ಧ ತುಳಿದ್ರೆ ಅಲ್ಲೇ ನಿಲ್ಲುತ್ತೆ. ನಾಲ್ಕು-ಐದರ ನಡುವೆ ನ್ಯೂಟ್ರಲ್ ಅಂತ ಇಲ್ಲ. ಅಲ್ಲಿ ಅರ್ಧಕ್ಕೆ ಬಿಟ್ರೆ ಡ್ರಮ್ ಎರಡು ಗುಂಡಿಗಳ ನಡುವೆ ಸಿಕ್ಕಿಕೊಳ್ಳುತ್ತೆ, ಗೇರಿನ ಡಾಗ್‌ಗಳು (ಪಕ್ಕದ ಗೇರನ್ನ ಹಿಡಿಯೋ ಹಲ್ಲುಗಳು) ಕಚ್ಚಿಕೊಳ್ಳಲ್ಲ, ಇಂಜಿನ್ ಕಿರುಚುತ್ತೆ. ನಿಮ್ಮ ಎರಡು ದೂರಿಗೂ ಕಾರಣ ಒಂದೇ.

ಗಾಡಿಗೆ ಹೊರಗಿಂದ ಏನೇನು ಹಾಕಿಸಿದ್ದೀರಿ? ಎಡಗಡೆ ಪೆಡಲ್ ಫೋಟೋ ಹಾಕಿ.

ಸಕಲೇಶಪುರ_ಸವಾರ
ಏನೂ ಹಾಕಿಸಿಲ್ಲ. ಫುಟ್‌ಪೆಗ್ ತೆಗೆಸಿ ಎರಡೂ ಕಡೆ ಫುಟ್‌ಬೋರ್ಡ್ ಹಾಕಿಸಿದ್ದು, ಅಷ್ಟೇ. ಮೇಲೆ ರಬ್ಬರ್ ಮ್ಯಾಟ್ ಇದೆ. ಅದಕ್ಕೂ ಗೇರಿಗೂ ಏನು ಸಂಬಂಧ?

ಘಾಟಿ_ಗಣಪ
ಸಿಕ್ತಲ್ಲ! ಹೀಲ್ ಪ್ಯಾಡ್ ಬೋರ್ಡಿಗೆ ಬಡೀತಾ ಇದೆ. ಬೋರ್ಡಿನ ಹಿಂದಿನ ಮೂಲೆ ಗ್ರೈಂಡರ್‌ನಲ್ಲಿ ಕೊರೆಸಿಬಿಡಿ ಗುರು. ಇಲ್ಲಾಂದ್ರೆ ಹೀಲ್ ಪ್ಯಾಡನ್ನೇ ಕೊರೆಸಿ, ಮುಂದಿನ ಟೋ ಪ್ಯಾಡ್ ಒಂದೇ ಸಾಕು.

ಹತ್ತರ_ಸ್ಪ್ಯಾನರ್
ಗ್ರೈಂಡರ್ ಕೆಳಗಿಡಿ. ಮೀಟಿಯರ್ ಪೆಡಲ್ ಒಂದೇ ತುಂಡು, ಮುಂದಿನದು ಮೇಲೆ ಹೋದ್ರೆ ಹಿಂದಿನದು ಅದಕ್ಕೆ ತಕ್ಕಂತೆ ಕೆಳಗಿಳಿಯುತ್ತೆ. ಹೀಲ್ ಪ್ಯಾಡ್ ಬೋರ್ಡಿಗೆ ಬಡೀತಿದ್ರೆ ಮುಂದಿನದನ್ನ ಎತ್ತಿದಾಗ್ಲೂ ಬಡೀಬೇಕಿತ್ತು, ಆಗ್ಲೂ ಗೇರ್ ಕೂರಬಾರದಿತ್ತು. ಆದ್ರೆ ಅದು ಕೂರ್ತಿದೆ. ಅಂದ್ರೆ ಬೋರ್ಡಿಗೆ ಬಡೀತಿರೋದು ಪ್ಯಾಡ್ ಅಲ್ಲ, ಇವರ ಬೂಟು.

ಫುಟ್‌ಪೆಗ್ ಕಿರಿದು, ಅದರ ಮೇಲೆ ಪಾದ ಏತದ ಹಾಗೆ ತೂಗುತ್ತೆ: ಹಿಮ್ಮಡಿ ಇಳಿದ್ರೆ ಬೆರಳು ಏಳುತ್ತೆ. ಬೋರ್ಡ್ ಅಗಲ, ಚಪ್ಪಟೆ. ಅಟ್ಟೆ ಪೂರ್ತಿ ಅದರ ಮೇಲೆ ಕೂತುಬಿಡುತ್ತೆ. ಹಿಮ್ಮಡಿ ಒಂದು ಮಟ್ಟಕ್ಕಿಂತ ಕೆಳಗೆ ಹೋಗೋಕೆ ಬೋರ್ಡೇ ಬಿಡಲ್ಲ, ಆದ್ರೆ ಪ್ಯಾಡ್ ಇನ್ನೂ ಇಳೀಬೇಕಾಗಿರುತ್ತೆ. ಬೂಟು ಉದ್ದ ಇದ್ರೆ ಅದರ ಮೂತಿ ಮುಂದಿನ ಪ್ಯಾಡ್ ಮೇಲೆ ಕೂತು ಏಳೋಕೂ ಬಿಡಲ್ಲ.

ಹೀಗೆ ಪರೀಕ್ಷೆ ಮಾಡಿ. ಸೆಂಟರ್ ಸ್ಟ್ಯಾಂಡ್, ಇಂಜಿನ್ ಆಫ್. ಒಂದು ಕೈಯಲ್ಲಿ ಹಿಂದಿನ ಚಕ್ರ ನಿಧಾನ ತಿರುಗಿಸ್ತಾ (ನಿಂತ ಚಕ್ರದಲ್ಲಿ ಡಾಗ್‌ಗಳು ಎದುರುಬದುರಾಗಿ ಗೇರ್ ಕೂರದೇ ಇರಬಹುದು, ಅದನ್ನ ದೋಷ ಅಂದ್ಕೋಬೇಡಿ) ಇನ್ನೊಂದು ಕೈಯಲ್ಲಿ ಹೀಲ್ ಪ್ಯಾಡ್ ಒತ್ತಿ. ಕ್ಲಿಕ್ ಅಂದ್ಮೇಲೂ ಬಿಡದೆ ಕೊನೆವರೆಗೂ ಒತ್ತಿ ಹಿಡೀರಿ. ಆಗ ಪ್ಯಾಡಿನ ಮೇಲ್ಮೈ ಬೋರ್ಡಿನ ಮ್ಯಾಟ್‌ಗಿಂತ ಎಷ್ಟು ಎತ್ತರ ಇದೆ ಅಂತ ಸ್ಕೇಲ್ ಇಟ್ಟು ಅಳೀರಿ. ಸುಮಾರು 10 ಎಂಎಂ ಮೇಲಿದ್ರೆ ಒಳ್ಳೇದು. ಸಮ ಇದ್ರೂ, ಕೆಳಗಿದ್ರೂ ಬೂಟಿನಿಂದ ಆ ಗೇರ್ ಎಂದೂ ಪೂರ್ತಿ ಬೀಳಲ್ಲ.

ಸಕಲೇಶಪುರ_ಸವಾರ
ಅಳೆದೆ. ಒತ್ತಿ ಹಿಡಿದಾಗ ಪ್ಯಾಡ್ ಮ್ಯಾಟ್‌ಗಿಂತ 4 ಎಂಎಂ ಕೆಳಗಿದೆ. ಕೈಯಲ್ಲಿ ಐದೂ ಗೇರ್ ನೀಟಾಗಿ ಬಿದ್ವು.

ಕ್ಲಚ್_ವೈರ್
ಸರಿ, ಆದ್ರೂ ಕೇಬಲ್ ಪ್ಲೇ ಒಮ್ಮೆ ನೋಡ್ಕೊಳ್ಳಿ.

ಹತ್ತರ_ಸ್ಪ್ಯಾನರ್
ಈಗ ಲಿಂಕೇಜ್ ರಾಡ್. ಪೆಡಲ್‌ನಿಂದ ಗೇರ್ ಶಾಫ್ಟ್ ಕಡೆ ಹೋಗೋ ಸಣ್ಣ ಕಡ್ಡಿ, ಎರಡು ತುದಿಗೂ ಲಾಕ್ ನಟ್. ಇಂಥ ರಾಡ್‌ಗಳಲ್ಲಿ ಒಂದು ತುದಿ ಉಲ್ಟಾ ಥ್ರೆಡ್ ಇರುತ್ತೆ. ಬಲ ಹಾಕೋ ಮುಂಚೆ ಥ್ರೆಡ್ ಯಾವ ಕಡೆ ವಾಲಿದೆ ಅಂತ ಕಣ್ಣಲ್ಲಿ ನೋಡಿ, ಇಲ್ಲಾಂದ್ರೆ ನಟ್ ಮೂಲೆ ಸವೆದು ಕೂರುತ್ತೆ. ಈಗಿರೋ ಜಾಗಕ್ಕೆ ವೈಟ್ನರ್‌ನಲ್ಲಿ ಗುರುತು ಹಾಕಿ. ಎರಡೂ ನಟ್ ಸಡಿಲಿಸಿ ರಾಡನ್ನ ಅರ್ಧರ್ಧ ಸುತ್ತು ತಿರುಗಿಸಿ, ಹೀಲ್ ಪ್ಯಾಡ್ ಮೇಲೇಳೋ ದಿಕ್ಕಿಗೆ. ಪ್ರತಿ ಅರ್ಧ ಸುತ್ತಿಗೂ ಅಳೀರಿ. ಎರಡು ತುದಿಯಲ್ಲೂ ಐದಾರು ಸುತ್ತು ಥ್ರೆಡ್ ಒಳಗೆ ಉಳೀಲೇಬೇಕು, ಕಡಿಮೆ ಆದ್ರೆ ದಾರೀಲಿ ಕಳಚಿಕೊಳ್ಳುತ್ತೆ.

ಲಾಕ್ ನಟ್ ಬಿಗಿ ಮಾಡೋವಾಗ ಎರಡು ತುದಿಯ ಬಾಲ್ ಜಾಯಿಂಟ್ ಒಂದೇ ಮಟ್ಟದಲ್ಲಿರಲಿ. ಬಿಗಿ ಆದ್ಮೇಲೆ ರಾಡನ್ನ ಎರಡು ಬೆರಳಲ್ಲಿ ಹಿಡಿದು ಹೊರಳಿಸಿದ್ರೆ ಅತ್ತಿತ್ತ ಸ್ವಲ್ಪ ಆಡಬೇಕು. ಆಡದಿದ್ರೆ ಜಾಯಿಂಟ್‌ಗಳು ಒಂದಕ್ಕೊಂದು ತಿರುಚಿಕೊಂಡಿವೆ, ಪೆಡಲ್ ವಾಪಸ್ ಬರೋದು ನಿಧಾನ ಆಗುತ್ತೆ.

ಅದಕ್ಕೂ ಮುಂಚೆ ಪೆಡಲ್ ಪಿವಟ್ (ಪೆಡಲ್ ತಿರುಗೋ ಕೀಲು) ಬಿಚ್ಚಿ. ನಿಮ್ಮ ಕಡೆ ಮಳೆ, ಕೆಸರು ಜಾಸ್ತಿ. ಬುಷ್ ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸ್ ಹಚ್ಚಿ. ರಾಡ್ ಕಳಚಿದಾಗ ಪೆಡಲ್ ತಡೆಯಿಲ್ಲದೆ ಆಡಬೇಕು. ಬಿಗಿ ಇದ್ರೆ ತುಳಿದು ಬಿಟ್ಟ ಪೆಡಲ್ ಪೂರ್ತಿ ವಾಪಸ್ ಬರಲ್ಲ, ಒಳಗಿನ ಕೊಕ್ಕೆ ಮುಂದಿನ ಹಲ್ಲು ಹಿಡಿಯಲ್ಲ, ಮುಂದಿನ ತುಳಿತ ಖಾಲಿ ಹೋಗುತ್ತೆ. ಹಿಮ್ಮಡಿ ಪ್ಯಾಡ್ ಮೇಲೇ ಇಟ್ಕೊಂಡು ಓಡಿಸಿದ್ರೂ ಇದೇ ಗತಿ, ಜೊತೆಗೆ ಫೋರ್ಕ್ ಸುಮ್ನೆ ಸವೆಯುತ್ತೆ.

ಹೆರಿಟೇಜ್_ಬೇ_ಏರಿಯಾ
ಹಾರ್ಲೆಯ ಫುಟ್‌ಬೋರ್ಡ್ ಇರೋ ಟೂರಿಂಗ್ ಗಾಡಿಗಳಲ್ಲಿ ಈ ತಲೆನೋವೇ ಇಲ್ಲ. ಹೀಲ್ ಲಿವರ್, ಟೋ ಲಿವರ್ ಬೇರೆ ಬೇರೆ ತುಂಡು, ಒಂದೇ ಸ್ಪ್ಲೈನ್ ಶಾಫ್ಟ್ (ಸುತ್ತ ಹಲ್ಲು ಇರೋ ಶಾಫ್ಟ್) ಮೇಲೆ ಕೂರುತ್ತೆ. ಹೀಲ್ ಲಿವರಿನ ಬೋಲ್ಟ್ ಬಿಚ್ಚಿ ಒಂದು ಹಲ್ಲು ಮೇಲಕ್ಕೆ ಕೂರಿಸಿದ್ರೆ ಅದೊಂದೇ ಏಳುತ್ತೆ, ಟೋ ಇದ್ದಲ್ಲೇ ಇರುತ್ತೆ. ಹೀಲ್ ಬೇಡವೇ ಬೇಡ ಅನ್ನೋರು ಅದನ್ನ ತೆಗೆದು ಆ ಜಾಗಕ್ಕೆ ಸ್ಪೇಸರ್ ಹಾಕ್ತಾರೆ. ನನ್ನದ್ರಲ್ಲಿ ಹೀಲ್ ಮೂರು ಹಲ್ಲು ಮೇಲಿದೆ, ಬೋರ್ಡ್ ಕ್ರೋಮ್.

ಮೈಸೂರು_ಯೆಜ್ಡಿ
ಲಿವರ್ ವಿಷಯಕ್ಕೆ ಬಂದ್ರೆ ನಮ್ಮ ಮೈಸೂರಲ್ಲಿ ತಯಾರಾದ ಜಾವಾ, ಯೆಜ್ಡಿಗೆ ಸಾಟಿ ಇಲ್ಲ. ಗೇರ್ ಲಿವರೇ ಎತ್ತಿ ತಿರುಗಿಸಿದ್ರೆ ಕಿಕ್ಕರ್. ಗೇರ್ ತುಳಿದ್ರೆ ಕ್ಲಚ್ ತಾನಾಗೇ ಬಿಡುತ್ತೆ, ಕೈ ಹಾಕೋದೇ ಬೇಡ. ನನ್ನ ಹತ್ರ ಇರೋ ಎರಡ್ರಲ್ಲೂ ಮೂಲ ಲಿವರೇ ಇದೆ.

ಘಾಟಿ_ಗಣಪ
ತಾನಾಗೇ ಬಿಡುತ್ತೆ, ಹೌದು. ಆದ್ರೆ ಅದರ ಅಡ್ಜಸ್ಟ್‌ಮೆಂಟ್ ತಪ್ಪಿದ್ರೆ ಕ್ಲಚ್ ಪ್ಲೇಟ್ ಉರಿದುಹೋಗುತ್ತೆ. ಅದನ್ನೂ ಹೇಳಿ ಸಾರ್.

ಮೈಸೂರು_ಯೆಜ್ಡಿ
ಸರಿಯಾಗಿ ಸೆಟ್ ಮಾಡೋಕೆ ಬರೋರಿಗೆ ಉರಿಯಲ್ಲ.

ಸಕಲೇಶಪುರ_ಸವಾರ
ದಯವಿಟ್ಟು ಯೆಜ್ಡಿ ಬೇರೆ ಕಡೆ ಮಾತಾಡಿ. ರಾಡ್ ತಿರುಗಿಸಿ ಪಿವಟ್‌ಗೆ ಗ್ರೀಸ್ ಹಾಕಿದೆ. ಒತ್ತಿದಾಗ ಹೀಲ್ ಪ್ಯಾಡ್ ಈಗ ಮ್ಯಾಟ್‌ಗಿಂತ 9 ಎಂಎಂ ಮೇಲಿದೆ. ಏರಿಸೋದು ಪಕ್ಕಾ ಆಯ್ತು, ನಾಲ್ಕು-ಐದು ಒಂದು ಸಲವೂ ತಪ್ಪಿಲ್ಲ. ಆದ್ರೆ ಈಗ ಇಳಿಸೋವಾಗ ತೊಂದರೆ. ಮೂರರಿಂದ ಎರಡಕ್ಕೆ ಮುಂದಿನ ಪ್ಯಾಡ್ ತುಳಿದ್ರೆ ಬೋರ್ಡಿನ ಮುಂದಿನ ಅಂಚಿಗೆ ಟಕ್ ಅಂತ ಬಡಿಯುತ್ತೆ, ಗೇರ್ ಕೆಲವೊಮ್ಮೆ ಇಳಿಯಲ್ಲ.

ಹತ್ತರ_ಸ್ಪ್ಯಾನರ್
ಹಿಂದಿನದು ಎಷ್ಟು ಎದ್ದಿದೆಯೋ ಅದಕ್ಕೆ ತಕ್ಕಂತೆ ಮುಂದಿನದು ಇಳಿದಿದೆ. ಘಾಟಿ ಇಳಿಯೋವಾಗ ಗೇರ್ ಇಳಿಯದಿದ್ರೆ ಇಂಜಿನ್ ಬ್ರೇಕ್ ಸಿಗಲ್ಲ. ಹೀಗೇ ಓಡಿಸಬೇಡಿ. ಬೋರ್ಡಿನ ಬ್ರಾಕೆಟ್‌ನಲ್ಲಿ ಉದ್ದ ತೂತು ಇದ್ರೆ ಬೋಲ್ಟ್ ಸಡಿಲಿಸಿ ಇಡೀ ಬೋರ್ಡನ್ನ ಕೆಳಗಿಳಿಸಿ. ತಿರುವಲ್ಲಿ ನೆಲಕ್ಕೆ ಉಜ್ಜುತ್ತಾ ಅಂತಲೂ ನೋಡ್ಕೊಳ್ಳಿ.

ಧಾರವಾಡ_ಥಂಪ್
ಬ್ರಾಕೆಟ್ ಇಳೀಲಿಲ್ಲ ಅಂದ್ರ ರಾಡ್ ಅರ್ಧ ದಾರಿ ವಾಪಸ್ ತರ್ರಿ, ಮುಂದ ಪೂರ್ತಿ ತುಳಿದಾಗ ಬೋರ್ಡಿಗೆ 5 ಎಂಎಂ ಸಂದು ಉಳಿಯೂವಂಗ. ಹಿಂದಿನ ಕೊರತಿ ಹೀಲ್ ಪ್ಯಾಡ್ ಮ್ಯಾಲಿಂದ ತುಂಬಿಸ್ರಿ: 8-10 ಎಂಎಂ ದಪ್ಪದ ಗಟ್ಟಿ ರಬ್ಬರ್ ತುಂಡು, ಪ್ಯಾಡ್ ಅಗಲಕ್ಕ ಕತ್ತರಿಸಿ ಸ್ಟೀಲ್ ಹೋಸ್ ಕ್ಲಿಪ್ ಎರಡು ಹಾಕಿ ಬಿಗೀರಿ. ಕ್ಲಿಪ್ಪಿನ ಸ್ಕ್ರೂ ಕೆಳಗ ಬರ್ಲಿ, ಮ್ಯಾಲ ಬಂದ್ರ ಬೂಟ್ ಹರೀತೈತಿ. ಬರೀ ಗಮ್ ಹಚ್ಚಬ್ಯಾಡ್ರಿ, ಮಳ್ಯಾಗ ಎದ್ದ ಬರ್ತದ. ಬೋರ್ಡಿನ ಮ್ಯಾಟ್ ಹಿಮ್ಮಡಿ ಕೂಡೂ ಜಾಗಾದಾಗ ಅಷ್ಟ ಕತ್ತರಿಸಿದ್ರ ಅಲ್ಲೂ ನಾಕ್ ಎಂಎಂ ಸಿಗ್ತದ.

ಸಕಲೇಶಪುರ_ಸವಾರ
ಬ್ರಾಕೆಟ್‌ನಲ್ಲಿ ದುಂಡು ತೂತು, ಇಳಿಯಲ್ಲ. ರಬ್ಬರ್ ದಾರಿಯೇ ಹಿಡೀತೀನಿ. ಹಳೇ ಲಾರಿ ಟ್ಯೂಬ್ ಮಡಚಿ ಹಾಕಿದ್ರೆ ನಡೆಯುತ್ತಾ?

ಧಾರವಾಡ_ಥಂಪ್
ಟ್ಯೂಬ್ ಬ್ಯಾಡ್ರಿ, ಮೆತ್ತಗ ಆಗ್ತೈತಿ. ತುಳಿದಾಗ ಅದ ಒಳಗ ಹೋಗ್ತದ, ನಿಮಗ ಬೇಕಾದ ದೂರ ಮತ್ತ ಸಿಗೂದಿಲ್ಲ. ಟೈರ್ ತುಂಡ ಹಾಕ್ರಿ.

ಕೋಲಾರ_350
ಇದೇ ಥರ ಬೋರ್ಡ್ ನನ್ನ ಹೋಂಡಾ ಹೈನೆಸ್ ಸಿಬಿ350ಗೆ ಹಾಕಿಸ್ಬೇಕು ಅಂತಿದ್ದೀನಿ, ಅದ್ರಲ್ಲೂ ಹೀಲ್-ಟೋ ಇದೆ. ಬೋರ್ಡ್ ಮೇಲಿಂದ ಪ್ಯಾಡ್‌ಗೆ ಎಷ್ಟು ಎತ್ತರ ಸಿಗುತ್ತೆ ಅಂತ ಯಾರಾದ್ರೂ ಅಳೆದಿದ್ದೀರಾ?